ಸಂಜೆ ಹೊತ್ತು ಅಳುವ ಹಸುಗೂಸು

ನಿಮ್ಮಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ಕವಲೇದುರ್ಗದ ಕೋಟೆಯನ್ನು ಹತ್ತಿರಬಹುದು. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್ ದೂರ. ಗದ್ದೆಯ ಅಂಚಿನಲ್ಲಿ ನಡೆದು ಕಲ್ಲುಹಾಸಿನ ದಾರಿ ಹಿಡಿದರೆ ಒಂದರ ಮೇಲೊಂದು ಕೋಟೆಬಾಗಿಲು ಎದುರಾಗುತ್ತದೆ. ಕೆಳದಿ ಅರಸರ ಭದ್ರನೆಲೆ ಅದು. ಮೇಲೆ ಅರಮನೆಯ ಅವಶೇಷಗಳ ನಡುವೆ ಅಡುಗೆಮನೆಯ ಕಲ್ಲಿನ ಒಲೆಯನ್ನು ಮಾರ್ಗದರ್ಶಕರು ತಪ್ಪದೆ ತೋರಿಸುತ್ತಾರೆ. ಆ ಒಲೆಯನ್ನು ನೋಡಿದಾಗ ನನಗೆ ಯುದ್ಧದ ನೆನಪಾಗುವುದಿಲ್ಲ. ಒಲೆಯಿದ್ದ ಮನೆ ಎಂದರೆ ಸಂಸಾರವಿದ್ದ ಮನೆ. ಬಾಣಂತಿಗೆ ನೀರು ಕಾಯಿಸಿದ ಮನೆ. ಸಂಜೆಯಾದೊಡನೆ ಕೂಸೊಂದು ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚಿದ ಮನೆ. ಶಾಸನಗಳು ಇಂಥದನ್ನೆಲ್ಲ ಬರೆದಿಡುವುದಿಲ್ಲ.

ಇಂದಿನ ಮಾತು ಆ ಅಳುವನ್ನು ಕುರಿತದ್ದು. ನಿಮ್ಮಂಥ ವಿದ್ಯಾರ್ಥಿಗಳಿಗೆ ಇದೇಕೆ ಎಂದು ಕೇಳಬಹುದು. ಗುಡ್ಡದ ಬುಡದ ಯಾವುದಾದರೂ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಆಷಾಢದ ಮಳೆ. ಚೊಚ್ಚಲ ಹೆರಿಗೆಗೆ ಅಕ್ಕ ತವರಿಗೆ ಬಂದಿದ್ದಾಳೆ. ಕೂಸಿಗೆ ಒಂದು ತಿಂಗಳು. ಹಗಲೆಲ್ಲ ನಿದ್ದೆ ಮಾಡಿ, ದೀಪ ಹಚ್ಚುವ ಹೊತ್ತಿಗೆ ಅಳಲು ತೊಡಗಿದರೆ ಊಟದ ಹೊತ್ತಾದರೂ ನಿಲ್ಲದು. ಕರೆಂಟು ಹೋಗಿದೆ. ಅಜ್ಜಿ ಬಜೆ ತೇಯಲು ಕಲ್ಲು ಹುಡುಕುತ್ತಿದ್ದಾರೆ. ನೆರೆಮನೆಯವರು ದೃಷ್ಟಿಯಾಗಿದೆ ಎನ್ನುತ್ತಾರೆ. ಅಕ್ಕ ಮೂಲೆಯಲ್ಲಿ ಕೂತು ತಾನೂ ಅಳುತ್ತಿದ್ದಾಳೆ. ಮರುದಿನ ಪರೀಕ್ಷೆಯಿರುವ ನೀವು ಪುಸ್ತಕ ಹಿಡಿದು ಕೂತಿದ್ದೀರಿ. ಆ ಮನೆಯಲ್ಲಿ ನಿಮ್ಮ ಕೆಲಸವೂ ಒಂದಿದೆ ಎಂಬುದೇ ನನ್ನ ಮಾತಿನ ಸಾರ.

ಮೊದಲು ಈ ಅಳುವಿನ ಲೆಕ್ಕಾಚಾರ. ಅಮೆರಿಕದ ಮಕ್ಕಳ ವೈದ್ಯ ಬ್ರೆಜೆಲ್ಟನ್ 1962ರಲ್ಲಿ ಎಂಬತ್ತು ಆರೋಗ್ಯವಂತ ಶಿಶುಗಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿ ಪ್ರಕಟಿಸಿದರು. ಎರಡನೆಯ ವಾರದಿಂದ ಅಳು ಏರುತ್ತ ಹೋಗಿ ಆರನೆಯ ವಾರದ ಸುಮಾರಿಗೆ ದಿನಕ್ಕೆ ಎರಡೂಮುಕ್ಕಾಲು ಗಂಟೆಗೆ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ, ಹೆಚ್ಚಿನ ಪಾಲು ಸಂಜೆಯ ಹೊತ್ತಿನಲ್ಲೇ ಬರುತ್ತದೆ ಎಂದು ಅದರಿಂದ ತಿಳಿಯಿತು. ಇವು ರೋಗವಿಲ್ಲದ ಕೂಸುಗಳು ಎಂಬುದನ್ನು ಗಮನಿಸಬೇಕು. ಅದಕ್ಕೂ ಮೊದಲೇ, 1954ರಲ್ಲಿ, ವೆಸೆಲ್ ಎಂಬ ವೈದ್ಯರು ಅತಿ ಅಳುವಿಗೆ ಒಂದು ಅಳತೆ ಹಾಕಿಕೊಟ್ಟಿದ್ದರು: ದಿನಕ್ಕೆ ಮೂರು ಗಂಟೆಗೂ ಮಿಕ್ಕು, ವಾರದಲ್ಲಿ ಮೂರು ದಿನಕ್ಕೂ ಮಿಕ್ಕು, ಮೂರು ವಾರಕ್ಕೂ ಮಿಕ್ಕು ಅತ್ತರೆ ಅದು ಕಾಲಿಕ್. ನಮ್ಮಲ್ಲಿ ಇದನ್ನೇ ಹೊಟ್ಟೆನುಲಿ, ವಾಯು ಎಂದೆಲ್ಲ ಕರೆಯುತ್ತಾರೆ. ಮೂರು ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಬಹುಪಾಲು ತಾನೇ ನಿಲ್ಲುತ್ತದೆ. ಹೀಗೆ ತಾನೇ ನಿಲ್ಲುವುದರಿಂದಲೇ, ಕೊನೆಗೆ ಕೊಟ್ಟ ಔಷಧಿಗೆ, ಕಟ್ಟಿದ ತಾಯಿತಕ್ಕೆ ಒಳ್ಳೆಯ ಹೆಸರು ಬರುತ್ತದೆ!

ಹೊಟ್ಟೆಯಲ್ಲಿ ವಾಯು ತುಂಬಿರುವುದರಿಂದಲೇ ಕೂಸು ಅಳುತ್ತದೆಯೇ? ಹೊಟ್ಟೆ ಉಬ್ಬಿರುತ್ತದೆ, ಕಾಲು ಮಡಚುತ್ತದೆ, ಹೂಸು ಬಿಡುತ್ತದೆ. ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಅಳುವಾಗ ಕೂಸು ಗಾಳಿಯನ್ನು ನುಂಗುತ್ತದೆ. ಆದ್ದರಿಂದ ಆ ಗಾಳಿ ಎಷ್ಟೋ ಸಲ ಅಳುವಿನ ಕಾರಣವಲ್ಲ, ಫಲ. ನಿಜವಾದ ಕಾರಣ ಇಂತಹುದೇ ಎಂದು ಬೆರಳಿಟ್ಟು ತೋರಿಸಲು ವಿಜ್ಞಾನಕ್ಕೆ ಇನ್ನೂ ಆಗಿಲ್ಲ. ಕರುಳಿನ ಚಲನೆ ಇನ್ನೂ ಹದಗೊಂಡಿಲ್ಲದಿರುವುದು, ಅಲ್ಲಿ ನೆಲೆಸುವ ಸೂಕ್ಷ್ಮಜೀವಿಗಳ ಬದಲಾವಣೆ, ಹಗಲಿಡೀ ಕಂಡ ಬೆಳಕು ಕೇಳಿದ ಸದ್ದುಗಳ ದಣಿವು, ಎಲ್ಲವೂ ಸೇರಿರಬಹುದು. ಒಂದು ಮಾತಂತೂ ಖಂಡಿತ. ತಾಯಿಯ ಹೊಟ್ಟೆಯ ವಾಯು ಹಾಲಿನ ಮೂಲಕ ಕೂಸಿಗೆ ಹೋಗುವುದಿಲ್ಲ. ‘ನೀನು ಅದನ್ನು ತಿಂದೆ, ಅದಕ್ಕೇ ಕೂಸು ಅಳುತ್ತಿದೆ’ ಎಂದು ಬಾಣಂತಿಯ ತಟ್ಟೆಯಿಂದ ಕಾಳು, ತರಕಾರಿ ತೆಗೆದು, ಕುಡಿಯುವ ನೀರಿಗೂ ಅಳತೆ ಹಾಕುವುದು ಆಕೆಗೆ ಮಾಡುವ ಅನ್ಯಾಯ. ಎಲ್ಲೋ ಕೆಲವು ಕೂಸುಗಳಿಗೆ ಹಸುವಿನ ಹಾಲಿನ ಅಂಶ ಒಗ್ಗದಿರುವುದುಂಟು. ಅದನ್ನು ವೈದ್ಯರು ನಿರ್ಧರಿಸಬೇಕು, ಜಗಲಿಯಲ್ಲಿ ಕೂತವರಲ್ಲ.

ಇನ್ನು ಕೂಸಿನ ಬಾಯಿಗೆ ಹಾಕುವ ವಸ್ತುಗಳು. ಇದರ ಚರಿತ್ರೆ ಉದ್ದವಾದದ್ದು, ಕೆಲವು ಕಡೆ ಭಯಂಕರವಾದದ್ದು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೂಸು ಮಲಗಿರಲೆಂದು ‘ಬಾಲಗೋಲಿ’ ಎಂಬ ಅಫೀಮಿನ ಗುಳಿಗೆ ಕೊಡುತ್ತಿದ್ದರು. ಇಂಗ್ಲೆಂಡಿನ ಕಾರ್ಮಿಕರ ಮನೆಗಳಲ್ಲೂ ಅಫೀಮು ಬೆರೆತ ಪಾನಕಗಳಿದ್ದವು. ನಮಗೆಲ್ಲ ಪರಿಚಿತವಾದ ಗ್ರೈಪ್ ವಾಟರನ್ನು 1851ರಲ್ಲಿ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ ತಯಾರಿಸಿದ. ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮದ್ಯಸಾರವೂ ಇತ್ತು. ಕೂಸು ತೆಪ್ಪಗಾಗುತ್ತಿದ್ದುದು ಯಾವುದರಿಂದ ಎಂಬುದನ್ನು ನೀವೇ ಊಹಿಸಿ. ಈಗ ಮದ್ಯಸಾರವನ್ನು ತೆಗೆದಿದ್ದಾರೆ. ಆದರೂ ಉಳಿದದ್ದರಿಂದ ಕಾಲಿಕ್ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ವಾಯುವಿಗೆಂದು ಕೊಡುವ ಸಿಮೆಥಿಕೋನ್ ಹನಿಗಳೂ ಬರೀ ನೀರಿನಂಥ ಹನಿಗಳಿಗಿಂತ ಮೇಲಲ್ಲ ಎಂದು 1994ರ ಅಮೆರಿಕದ ಪ್ರಯೋಗವೊಂದು ತೋರಿಸಿತು. ಡೈಸೈಕ್ಲೊಮಿನ್ ಇರುವ ಹನಿಗಳನ್ನಂತೂ ಆರು ತಿಂಗಳೊಳಗಿನ ಕೂಸಿಗೆ ಕೊಡಲೇಬಾರದು; ಉಸಿರು ನಿಂತ ಪ್ರಸಂಗಗಳಿವೆ. ಔಷಧಿ ಅಂಗಡಿಗೆ ಓಡುವವರು ಸಾಮಾನ್ಯವಾಗಿ ಮನೆಯ ಹುಡುಗರೇ ಆದ್ದರಿಂದ ಈ ಹೆಸರನ್ನು ನೀವು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಅಜ್ಜಿಯ ಬಜೆ, ಜಾಯಿಕಾಯಿ, ಜೇನುತುಪ್ಪ? ಅಜ್ಜಿಯ ಪ್ರೀತಿಯ ಬಗೆಗೆ ಎರಡು ಮಾತಿಲ್ಲ. ಆದರೆ ಮೊದಲ ಆರು ತಿಂಗಳು ಎದೆಹಾಲಲ್ಲದೆ ಒಂದು ಗುಟುಕು ನೀರೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೈದ್ಯರು ಬರೆದುಕೊಟ್ಟ ಔಷಧಿ ಮಾತ್ರ ಇದಕ್ಕೆ ಹೊರತು. ಜೇನುತುಪ್ಪದಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲವು; ವರ್ಷ ತುಂಬುವವರೆಗೆ ಜೇನು ವರ್ಜ್ಯ. ತೇಯುವ ಕಲ್ಲು, ಒಳಲೆ, ನೆನೆಸಿದ ನೀರು ಇವುಗಳಿಂದ ಭೇದಿ ಹತ್ತುವ ಅಪಾಯ ಬೇರೆ. ಕರ್ಪೂರ ಬೆರೆಸಿದ ಎಣ್ಣೆಯನ್ನು ಹಚ್ಚಬೇಡಿ, ಅದು ಮೈಗೆ ಸೇರಿದರೆ ಸೆಳವು ಬರಬಹುದು. ಮಳೆಗಾಲದಲ್ಲಿ ಬಾಣಂತಿ ಕೋಣೆಯ ಬಾಗಿಲು ಹಾಕಿ ಕೆಂಡದ ಅಗ್ಗಿಷ್ಟಿಕೆ ಇಡುವುದು ನಮ್ಮ ಮಲೆನಾಡಿನ ಹಳೆಯ ರೂಢಿ. ಆ ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣ ತೆಗೆಯುತ್ತದೆ. ತಾಯಿಯ ಮೈಗೆ ಮೈ ಸೋಕಿಸಿ ಮೇಲೆ ಹೊದಿಸಿದರೆ ಅದೇ ಒಳ್ಳೆಯ ಬಿಸಿ.

ಆದರೆ ಅಜ್ಜಿ ಇನ್ನೊಂದನ್ನೂ ಮಾಡುತ್ತಾರಲ್ಲ, ಕೂಸನ್ನು ಹೆಗಲಿಗೆ ಹಾಕಿಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುವುದು? ಅದನ್ನು ವಿಜ್ಞಾನ ಈಗ ಅಳೆದು ನೋಡಿ ಹೌದು ಎಂದಿದೆ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕುಮಿ ಕುರೋಡಾ ಮತ್ತು ಸಂಗಡಿಗರು ಕೂಸಿನ ಹೃದಯ ಬಡಿತವನ್ನು ದಾಖಲಿಸುತ್ತ ಇದನ್ನು ಪರೀಕ್ಷಿಸಿದರು. ಎತ್ತಿಕೊಂಡು ಸುಮ್ಮನೆ ಕೂತರೆ ಸಾಲದು. ನಡೆಯತೊಡಗಿದರೆ ಬಡಿತ ಇಳಿದು ಅಳು ತಗ್ಗುತ್ತದೆ. ಅವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳುತ್ತಿದ್ದ ಕೂಸುಗಳನ್ನು ಐದು ನಿಮಿಷ ಒಂದೇ ಹದದಲ್ಲಿ ನಡೆದಾಡಿಸಿದಾಗ ಸುಮಾರು ಅರ್ಧದಷ್ಟು ನಿದ್ದೆಹೋದವು. ನಿದ್ದೆ ಬಂದೊಡನೆ ಇಳಿಸಿದರೆ ಎಷ್ಟೋ ಕೂಸುಗಳು ಮತ್ತೆ ಏಳುತ್ತವೆ. ಮೈಯಿಂದ ಮೈ ಬೇರೆಯಾಗುವ ಕ್ಷಣವನ್ನು ಅವು ಗುರುತಿಸುತ್ತವೆ. ಆದ್ದರಿಂದ ನಿದ್ದೆ ಬಂದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತು, ಆಮೇಲೆ ಮಲಗಿಸಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ 1986ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಅಳಲಿ ಅಳದಿರಲಿ ದಿನಕ್ಕೆ ಕೆಲವು ಗಂಟೆ ಹೆಚ್ಚು ಎತ್ತಿಕೊಂಡಿದ್ದ ಕೂಸುಗಳು ಆರನೆಯ ವಾರದಲ್ಲಿ ಶೇಕಡ 43ರಷ್ಟು ಕಡಿಮೆ ಅತ್ತವು. ಕಾಲಿಕ್ ಆಗಲೇ ಜೋರಾಗಿರುವ ಕೂಸುಗಳಲ್ಲಿ ಇಷ್ಟು ಫಲ ಮುಂದೆ ಕಾಣಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಎತ್ತಿಕೊಂಡರೆ ಕೂಸು ಕೈಯ ರೂಢಿಗೆ ಬೀಳುತ್ತದೆ ಎಂಬ ಹೆದರಿಕೆ ಈ ವಯಸ್ಸಿಗೆ ಸಲ್ಲದು.

ಹಾಲು ಕುಡಿದ ಮೇಲೆ ಬೆನ್ನು ತಟ್ಟಿ ತೇಗಿಸುವುದರ ಬಗೆಗೆ ಒಂದು ಸ್ವಾರಸ್ಯ. ಚಂಡೀಗಢದಲ್ಲಿ 71 ತಾಯಿ-ಮಕ್ಕಳ ಜೋಡಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ತೇಗಿಸಿದ್ದರಿಂದ ಕಾಲಿಕ್ ಕಡಿಮೆಯಾಗಲಿಲ್ಲ, ಹಾಲು ಕಕ್ಕುವುದು ಮಾತ್ರ ಹೆಚ್ಚಾಯಿತು! ಇದನ್ನು ಮನೆಯಲ್ಲಿ ಹೇಳಿ ಬೈಸಿಕೊಳ್ಳುವ ಧೈರ್ಯ ನಿಮಗಿದ್ದರೆ ಹೇಳಿ. ಸ್ವಲ್ಪ ಹೊತ್ತು ನೆಟ್ಟಗೆ ಎತ್ತಿಕೊಂಡಿರುವುದರಿಂದ ನಷ್ಟವಿಲ್ಲ. ತೇಗು ಬರಲಿಲ್ಲವೆಂದು ಅರ್ಧ ಗಂಟೆ ತಟ್ಟುತ್ತ ಕೂರಬೇಕಾಗಿಲ್ಲ. ಮುಂಗೈಯ ಮೇಲೆ ಕೂಸನ್ನು ಬೋರಲಾಗಿ, ತಲೆ ಮೊಣಕೈ ಬಳಿ ಬರುವಂತೆ ಹಿಡಿದು ನಡೆಯಬಹುದು. ಅಂಗಾತ ಮಲಗಿಸಿ ಸೈಕಲ್ ತುಳಿಸಿದಂತೆ ಕಾಲಾಡಿಸಬಹುದು. ದೀಪ ತಗ್ಗಿಸಿ, ಟಿ.ವಿ. ಆರಿಸಿ. ದೂರದರ್ಶನದಲ್ಲೇ ಕೂತು ಈ ಮಾತು ಹೇಳುತ್ತಿದ್ದೇನೆ, ಆದರೂ ಆರಿಸಿ. ಹಗಲು ರಾತ್ರಿಗಳ ಭೇದ ಕೂಸಿನ ದೇಹಕ್ಕೆ ತಿಳಿಯಲು ಎರಡು ಮೂರು ತಿಂಗಳು ಬೇಕು. ಹಗಲಲ್ಲಿ ಬೆಳಕಿನ ಕಡೆ ಇಟ್ಟುಕೊಂಡು, ರಾತ್ರಿ ಮಂದ ಬೆಳಕಿನಲ್ಲಿ ಮಾತಿಲ್ಲದೆ ಹಾಲೂಡಿಸಿದರೆ ಅದಕ್ಕೆ ಸಹಾಯವಾಗುತ್ತದೆ. ನಿದ್ದೆಯಲ್ಲೇ ಕೂಸು ಮುಲುಕುತ್ತದೆ, ಮುಖ ಕಿವುಚುತ್ತದೆ. ಎಚ್ಚರವಾಯಿತೆಂದು ತಕ್ಷಣ ಎತ್ತಿದರೆ ಆಗ ನಿಜಕ್ಕೂ ಏಳುತ್ತದೆ. ಒಂದು ನಿಮಿಷ ಕಾದು ನೋಡಿ. ಮಲಗಿಸುವುದು ಅಂಗಾತವಾಗಿ, ಗಟ್ಟಿ ಹಾಸಿನ ಮೇಲೆ, ದಿಂಬಿಲ್ಲದೆ. ಸೀರೆಯ ಜೋಲಿಯಲ್ಲಿ ಕತ್ತು ಮಡಚಿ ಗದ್ದ ಎದೆಗೆ ತಾಗಿದರೆ ಉಸಿರಿಗೆ ಅಡ್ಡಿ, ಕಣ್ಣಳತೆಯಲ್ಲಿರಬೇಕು.

ಎಷ್ಟು ಮಾಡಿದರೂ ಅಳು ನಿಲ್ಲದ ರಾತ್ರಿಗಳಿವೆ. ಆಗ ಎತ್ತಿಕೊಂಡವರ ತಲೆ ಕೆಡುತ್ತದೆ, ಸಿಟ್ಟು ಬರುತ್ತದೆ. ಒಳ್ಳೆಯವರಿಗೂ ಬರುತ್ತದೆ. ಆ ಸಿಟ್ಟಿನಲ್ಲಿ ಕೂಸನ್ನು ಹಿಡಿದು ಜೋರಾಗಿ ಅಲ್ಲಾಡಿಸಿದರೆ, ತಲೆ ಭಾರ ಕತ್ತು ದುರ್ಬಲವಾದ್ದರಿಂದ ಮಿದುಳಿನ ರಕ್ತನಾಳಗಳು ಹರಿದು ಕುರುಡು, ಅಂಗವೈಕಲ್ಯ, ಸಾವು ಸಹ ಸಂಭವಿಸಬಹುದು. ಸಾಕಾಯಿತು ಎನಿಸಿದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹತ್ತು ನಿಮಿಷ ಅಂಗಳಕ್ಕೆ ಹೋಗಿ ನಿಲ್ಲಿ. ಅಷ್ಟು ಹೊತ್ತು ಅತ್ತರೆ ಅದಕ್ಕೇನೂ ಆಗದು. ಅದಕ್ಕಿಂತ ಒಳ್ಳೆಯದು, ಅಕ್ಕನ ಕೈಯಿಂದ ನೀವು ಕೂಸನ್ನು ಈಸಿಕೊಳ್ಳುವುದು. ‘ಅಕ್ಕಾ, ಇಲ್ಲಿ ಕೊಡು, ನೀನು ಒಂದು ಗಂಟೆ ಮಲಗು’ ಎಂದರೆ ಸಾಕು. ಹುಡುಗರೂ ಹೇಳಬಹುದಾದ ಮಾತು ಇದು. ಓದಿದ ಪಾಠವನ್ನು ನಡೆಯುತ್ತ ಮನಸ್ಸಿನಲ್ಲೇ ಹೇಳಿಕೊಳ್ಳಲು ಅಡ್ಡಿಯೇನು? ಎರಡು ವಾರ ಕಳೆದರೂ ಅಕ್ಕನ ದುಃಖ ಇಳಿಯದೆ, ಊಟ ನಿದ್ದೆ ಬಿಟ್ಟು, ಕೂಸಿನ ಮೇಲೆ ಮನಸ್ಸಿಲ್ಲದಂತಾದರೆ ಅದು ನಾಟಕವಲ್ಲ, ಕಾಯಿಲೆ, ಚಿಕಿತ್ಸೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ಕೊನೆಯದಾಗಿ, ಯಾವ ಅಳು ಕಾಲಿಕ್ ಅಲ್ಲ ಎಂಬುದು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲೆ ಜ್ವರವಿದ್ದರೆ, ಮೈ ತಣ್ಣಗಾದರೆ, ಹಾಲು ಬಿಟ್ಟರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಕಲ್ಲಿನಂತಾದರೆ, ಉಸಿರು ನಿಮಿಷಕ್ಕೆ ಅರುವತ್ತು ಅಥವಾ ಹೆಚ್ಚಿದ್ದರೆ, ಸೆಳವು ಬಂದರೆ, ಅತ್ತೂ ಅತ್ತೂ ಸೋತು ಎಚ್ಚರಿಸಿದರೂ ಏಳದಿದ್ದರೆ ಕಾಯಬಾರದು. ಬಟ್ಟೆ ಬಿಚ್ಚಿ ತೊಡೆಸಂದಿಯಲ್ಲಿ ಗಂಟು ಎದ್ದಿದೆಯೇ, ಕಾಲ್ಬೆರಳಿಗೆ ಕೂದಲೆಳೆ ಸುತ್ತಿಕೊಂಡಿದೆಯೇ ಎಂದೂ ನೋಡಿ. ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ಕೂಸನ್ನು ತೂಗಿ ನೋಡಬೇಕು. ಸಂಜೆಯ ಅಳುವನ್ನು ಆಕೆಗೆ ಮರೆಯದೆ ಹೇಳಿ. ತೂಕ ಏರುತ್ತಿದ್ದು, ದಿನಕ್ಕೆ ಆರೇಳು ಬಟ್ಟೆ ಒದ್ದೆಯಾಗುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಕವಲೇದುರ್ಗದಂಥ ಊರಿನಿಂದ ತೀರ್ಥಹಳ್ಳಿಯ ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್‌ಗೆ, ಮಳೆಗಾಲದ ರಾತ್ರಿಯಲ್ಲಿ ಹೋಗುವುದು ಸುಲಭವಲ್ಲ. ಅನುಮಾನವಿದ್ದರೆ ಮಧ್ಯಾಹ್ನವೇ ಹೊರಡಿ. ಅಪಾಯದ ಚಿಹ್ನೆ ಕಂಡರೆ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಕರೆಮಾಡಿ. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗದ ಕಡೆ, ಯಾವ ದಿಬ್ಬದ ಮೇಲೆ ನಿಂತರೆ ಸಿಗುತ್ತದೆ ಎಂಬುದನ್ನು ಹಗಲಲ್ಲೇ ನೋಡಿಟ್ಟುಕೊಂಡಿರಿ.