ಶಾಖದ ಲೆಕ್ಕವಿಡುವ ಗಾಜು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಾದ ನಮಗೆ ಗಾಜಿನ ವಿಚಾರವೇಕೆಂದು ತಾವು ಕೇಳಬಹುದು. ಈ ಗಾಜೂ ಲೆಕ್ಕ ಇಡುತ್ತದೆ; ಅದೇ ನಮ್ಮ ಉತ್ತರ.

ಸಕ್ಕರೆಯ ಗಟ್ಟಿ ಪಾಕವನ್ನು ಬೇಗನೆ ತಣಿಸಿದರೆ ಗಾಜಿನಂತೆ ಹೊಳೆಯುವ ಬಿಲ್ಲೆಯಾಗುತ್ತದೆ. ಅಣುಗಳಿಗೆ ಸಾಲುಗೂಡಲು ವ್ಯವಧಾನವಿರುವುದಿಲ್ಲ. ನಿಧಾನವಾಗಿ ಹರಳುಗಟ್ಟಿದರೆ ಕಲ್ಲುಸಕ್ಕರೆ. ಪದಾರ್ಥ ಒಂದೇ, ಜೋಡಣೆ ಬೇರೆ.

ಗಂಧಕ, ಸೆಲೆನಿಯಂ, ಟೆಲ್ಲೂರಿಯಂ ಇವುಗಳಲ್ಲಿ ಒಂದನ್ನು ಜರ್ಮೇನಿಯಂನಂಥ ಧಾತುವಿನೊಡನೆ ಬೆರೆಸಿ ಮಾಡಿದ ಗಾಜಿಗೆ ಚಾಲ್ಕೊಜಿನೈಡ್ ಗಾಜೆಂದು ಹೆಸರು. ಇದರಲ್ಲಿ ಹಲವು ಬಗೆಗಳು ಕಾಯಿಸಿದಾಗ, ಕರಗುವ ಮೊದಲೇ, ಹರಳುಗಟ್ಟುತ್ತವೆ. ಒಡನೆಯೇ ಅವು ಬೆಳಕನ್ನು ಹಿಂದಿರುಗಿಸುವ ಪ್ರಮಾಣ ಬದಲಾಗುತ್ತದೆ. ಜರ್ಮೇನಿಯಂ, ಆಂಟಿಮನಿ, ಟೆಲ್ಲೂರಿಯಂಗಳನ್ನು 2:2:5ರಂತೆ ಬೆರೆಸಿದ ತೆಳುಪೊರೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳಾಗುತ್ತದೆ. ಅಳಿಸಿ ಬರೆಯುವ ಡಿವಿಡಿಗಳಲ್ಲಿ ಇದ್ದುದು ಈ ಜಾತಿಯ ಪೊರೆಯೇ.

ಇದರಿಂದ ಉಷ್ಣತಾಮಾಪಕವನ್ನೂ ಮಾಡಬಹುದು. ಕೂದಲೆಳೆಯಂಥ ಗಾಜಿನ ತಂತುವಿನ ತುದಿಗೆ ಪೊರೆಯನ್ನು ಲೇಪಿಸಿ, ಒಳಗೆ ಬೆಳಕು ಹಾಯಿಸುತ್ತಾರೆ. ಹಿಂದಿರುಗುವ ಬೆಳಕು ಬದಲಾದರೆ ಉಷ್ಣತೆ ಗಡಿ ದಾಟಿತೆಂದು ಅರ್ಥ. ಬೇರೆ ಬೇರೆ ಗಡಿಯ ಪೊರೆಗಳಿದ್ದರೆ ಏರಿಕೆಯು ಮೆಟ್ಟಲು ಮೆಟ್ಟಲಾಗಿ ತಿಳಿಯುತ್ತದೆ. ಅಮೆರಿಕದ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದವರು ಜರ್ಮೇನಿಯಂ–ಸೆಲೆನಿಯಂ ಗಾಜುಗಳಿಂದ ಪರಮಾಣು ಸ್ಥಾವರಗಳಿಗಾಗಿ ಇಂಥ ಮಾಪಕಗಳನ್ನು ರೂಪಿಸಲು ಶ್ರಮಿಸಿದ್ದಾರೆ. ಅಲ್ಲಿ ಮನುಷ್ಯನು ಒಳಹೊಕ್ಕು ನೋಡುವಂತಿಲ್ಲ. ಲೋಹದ ತಂತಿಯ ಮಾಪಕಗಳೂ ವಿಕಿರಣಕ್ಕೆ ಸಿಕ್ಕಿ ಕ್ರಮೇಣ ಲೆಕ್ಕ ತಪ್ಪುತ್ತವೆ.

ಆದರೆ ಒಂದು ಎಚ್ಚರಿಕೆ ಬೇಕು. ಬಡ್ಡಿ ಹಾಕುವಾಗ ನಾವು ಅಸಲನ್ನಷ್ಟೇ ನೋಡುವುದಿಲ್ಲ, ಅವಧಿಯನ್ನೂ ನೋಡುತ್ತೇವೆ. ಈ ಗಾಜೂ ಹಾಗೆಯೇ. ನಿಧಾನವಾಗಿ ಕಾಯಿಸಿದರೆ ಕಡಿಮೆ ಉಷ್ಣತೆಯಲ್ಲಿ, ಬೇಗನೆ ಕಾಯಿಸಿದರೆ ಹೆಚ್ಚು ಉಷ್ಣತೆಯಲ್ಲಿ ಹರಳಾಗುತ್ತದೆ. ಗಡಿಗಿಂತ ತುಸು ಕೆಳಗೆ ಬಹುಕಾಲ ಇಟ್ಟರೂ ಹರಳಾದೀತು. ಅಂದರೆ, ಶಾಖ ಭರದಿಂದ ಏರುವ ಅಪಾಯದ ಹೊತ್ತಿನಲ್ಲಿಯೇ ಎಚ್ಚರಿಕೆಯ ಗಡಿ ಮೇಲೆ ಸರಿಯುತ್ತದೆ! ಆದುದರಿಂದ ಹಲವು ವೇಗಗಳಲ್ಲಿ ಕಾಯಿಸಿ ನೋಡಿ ಗಡಿಯನ್ನು ಗೊತ್ತುಮಾಡಬೇಕು. ಈ ವೇಗದ ಲೆಕ್ಕಕ್ಕೆ 1957ರಲ್ಲಿ ಕಿಸಿಂಜರ್ ಎಂಬವರು ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ.

ಇದರ ದೊಡ್ಡ ಗುಣವೆಂದರೆ, ಶಾಖ ಇಳಿದ ಮೇಲೂ ಹರಳು ಹರಳಾಗಿಯೇ ಉಳಿಯುವುದು. ಯಾರೂ ನೋಡದ ಹೊತ್ತಿನಲ್ಲಿ ಗಡಿ ದಾಟಿದ್ದರೂ ನಮೂದು ಅಲ್ಲಿರುತ್ತದೆ. ಪೊರೆಯನ್ನು ಕರಗಿಸಿ ಥಟ್ಟನೆ ತಣಿಸಿದರೆ ಮಾತ್ರ ಮತ್ತೆ ಗಾಜಾಗಿ ಹೊಸ ಪುಟ ತೆರೆಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ಚಾಲ್ಕೊಜಿನೈಡ್ ಗಾಜುಗಳ ಸಂಶೋಧನೆ ನಡೆದಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ವಿಜ್ಞಾನವನ್ನು ಬೇರೆ ನುಡಿಯಲ್ಲಿ ಕಲಿಯುತ್ತಾರೆ, ಇರಲಿ. ಮನೆಯಲ್ಲಿ ಕಲ್ಲುಸಕ್ಕರೆಯ ಒಂದು ತುಣುಕು ಕೈಗಿತ್ತು, ಇಷ್ಟನ್ನು ಕನ್ನಡದಲ್ಲಿ ಹೇಳಿಕೊಡುವುದು ನಮ್ಮಿಂದಾಗದ ಕೆಲಸವಲ್ಲ.