ನಮ್ಮ ಬಚ್ಚಲೊಲೆಯ ಹೊಗೆ ಕೊಳವೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್ ಅಂದಮೇಲೆ ಕಂಪ್ಯೂಟರ್ ಬಗ್ಗೆಯೇ ಮಾತಾಡಬೇಕು ಎಂದು ಸಮಿತಿಯವರ ಅಪೇಕ್ಷೆಯಿತ್ತು. ಅದನ್ನು ಹೇಳಲು ಬೇಕಾದಷ್ಟು ಜನ ಇದ್ದಾರೆ. ಅವರ ಅನುಮತಿ ಪಡೆದು ನಾನು ಬಚ್ಚಲೊಲೆಯ ಬಗ್ಗೆ ಮಾತಾಡುತ್ತೇನೆ. ಈಗ ನಮ್ಮ ಮಲೆನಾಡಿನಲ್ಲಿ ಅಡುಗೆಗೆ ಗ್ಯಾಸ್ ಇಲ್ಲದ ಮನೆ ಕಡಿಮೆ. ಆದರೆ ಸ್ನಾನದ ನೀರಿಗೆ ಹಂಡೆ, ಸೌದೆ ಇಲ್ಲದ ಮನೆಯೂ ಕಡಿಮೆಯೇ.

ಮೂರು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಸಂಜೆ. ನಾನು ಬೆಂಗಳೂರಿನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ಅಮ್ಮನ ಫೋನು ಬಂತು. ಅವರು ಆ ಹೊತ್ತಿಗೆ ಫೋನು ಮಾಡುವವರಲ್ಲ. "ಬಚ್ಚಲೊಲೆ ಕೊಳವೆ ಗುಂಯ್ ಅಂತಿದೆ ಮಾರಾಯ, ಲಾರಿ ಬಂದಂಗೆ. ಹೊರಗೆ ತುದೀಲಿ ಬೆಂಕಿ ಕಾಣ್ತಿದೆ" ಎಂದರು. ಅಪ್ಪ ಪೇಟೆಗೆ ಹೋಗಿದ್ದರು. ಒಳಗೆ ಅಜ್ಜಿ ಮಲಗಿದ್ದರು, ತಾವಾಗಿ ಎದ್ದು ಓಡಾಡಲು ಆಗದವರು. ಬಚ್ಚಲಿನ ಅಟ್ಟದ ತುಂಬ ಅಡಿಕೆ ಸಿಪ್ಪೆ, ಒಣ ಹಾಳೆ, ಮಳೆಗಾಲದ ಸೌದೆ. ಬಿ.ಇ. ಓದಿದ ನಾನು ಕೊಟ್ಟ ಸಲಹೆ ಏನು ಗೊತ್ತೇ? "ಯಾರನ್ನಾದರೂ ಮಾಡು ಹತ್ತಿಸಿ ಕೊಳವೆಗೆ ನೀರು ಹೊಯ್ಯಿಸಮ್ಮ!"

"ಕಾದ ಕಾವಲಿಗೆ ನೀರು ಹಾಕಿದ್ರೆ ಏನಾಗತ್ತೆ ಅಂತ ಗೊತ್ತಿಲ್ವಾ ನಿಂಗೆ?" ಎಂದು ಅವರು ಫೋನು ಇಟ್ಟೇಬಿಟ್ಟರು.

ಮೊದಲು ಪಕ್ಕದ ಮನೆಯವರನ್ನು ಕೂಗಿ ಅಜ್ಜಿಯನ್ನು ಅವರ ಮನೆಗೆ ಸಾಗಿಸಿದರಂತೆ. ಆಮೇಲೆ ಒಲೆಯ ಬಾಯಿಗೆ ತಗಡು ಮುಚ್ಚಿ, ಸಂದಿಗೆಲ್ಲ ಒದ್ದೆ ಬೂದಿ ಮೆತ್ತಿ, ಮೇಲೆ ಒದ್ದೆ ಗೋಣಿಚೀಲ ಒತ್ತಿದರು. ಸ್ವಲ್ಪ ಹೊತ್ತಿನಲ್ಲಿ ಕೊಳವೆಯ ಸದ್ದು ಇಳಿಯಿತು. ಅಮ್ಮ ಮತ್ತೆ ಫೋನು ಮಾಡುವ ತನಕ ನಾನು ಆಫೀಸಿನ ಮೆಟ್ಟಿಲ ಮೇಲೆ ಕುಳಿತಿದ್ದೆ. ಆ ಹೊತ್ತು ಹೇಗೆ ಕಳೆಯಿತು ಎಂದು ಈಗಲೂ ಹೇಳಲಾರೆ. ಮರುದಿನ ಬಂದು ನೋಡಿದರೆ ಕೊಳವೆಯ ಪಕ್ಕದ ಒಂದು ಪಕಾಸಿ ಗೇಣುದ್ದ ಕರಕಲಾಗಿತ್ತು. ಅಟ್ಟದ ಸಿಪ್ಪೆ ಚೀಲ ಅಲ್ಲಿಂದ ಎರಡು ಮೊಳ ದೂರದಲ್ಲಿತ್ತು.

ಕೊಳವೆಯೊಳಗೆ ಉರಿಯಲು ಏನಿತ್ತು? ಇದಕ್ಕೆ ಉತ್ತರ ನಾನು ಇದೇ ಶಾಲೆಯಲ್ಲಿ ಕಲಿತಿದ್ದೆ, ಮರೆತಿದ್ದೆ. ನಮ್ಮ ವಿಜ್ಞಾನದ ಮೇಷ್ಟ್ರು ಕುದಿಯುವ ನೀರಿನ ಹಬೆಗೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದು ಹನಿ ಕಟ್ಟುವುದನ್ನು ತೋರಿಸಿದ್ದರು. ಕೊಳವೆಯಲ್ಲಿ ಆಗುವುದೂ ಅದೇ. ಸೌದೆ ಪೂರ್ತಿ ಉರಿಯದಿದ್ದಾಗ ಹೊಗೆಯಲ್ಲಿ ನೀರಾವಿಯ ಜೊತೆಗೆ ಡಾಂಬರಿನಂಥ ವಸ್ತುಗಳ ಆವಿಯೂ ಇರುತ್ತದೆ. ಕೊಳವೆಯ ಗೋಡೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ, ನಾವು ಮಸಿ ಅಂದು ಸುಮ್ಮನಾಗುತ್ತೇವೆ. ಬರೀ ಮಸಿಯಲ್ಲ ಅದು, ಒಳ್ಳೆಯ ಉರುವಲು. ಹೊತ್ತಿಕೊಂಡರೆ ಕೊಳವೆಯೊಳಗೆ 1,000 ಡಿಗ್ರಿ ದಾಟಬಹುದು.

ನಮ್ಮಲ್ಲಿ ಇದು ಬೇಗ ಕಟ್ಟಲು ಕಾರಣ ನಮ್ಮ ಅಭ್ಯಾಸವೇ. ಹಸಿ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರೇ ಇರುತ್ತದೆ. ಸೀಳಿ, ನೆರಳಿನಲ್ಲಿ ಗಾಳಿಯಾಡುವಂತೆ ಆರು ತಿಂಗಳಿಂದ ಒಂದು ವರ್ಷ ಪೇರಿಸಿಟ್ಟರೆ ಅದು ಶೇ. 20ರ ಆಸುಪಾಸಿಗೆ ಇಳಿಯುತ್ತದೆ. ನಾವೋ ಏಪ್ರಿಲ್‌ನಲ್ಲಿ ಕಡಿದದ್ದನ್ನು ಜುಲೈನಲ್ಲಿ ಉರಿಸುತ್ತೇವೆ. ಅದರ ಮೇಲೆ, ಹಂಡೆ ದಿನವಿಡೀ ಬೆಚ್ಚಗಿರಲಿ ಎಂದು ದೊಡ್ಡ ಕೊರಡು ತುರುಕಿ, ಬಾಯಿ ಅರ್ಧ ಮುಚ್ಚಿ, ಹೊಗೆಯಾಡಲು ಬಿಡುತ್ತೇವೆ. ಕೊಳವೆಗೆ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಸಣ್ಣ ಒಣ ಸೀಳು ಹಾಕಿ ಜೋರಾಗಿ ಉರಿಸಿ ನೀರು ಕಾಯಿಸಿ ಮುಗಿಸಿದರೆ ಸೌದೆಯೂ ಉಳಿಯುತ್ತದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಕಟ್ಟಿದರು. ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಅದು ಬಂದಮೇಲೆ ನಮ್ಮ ಅಜ್ಜಿಯ ಅಡುಗೆಮನೆಯಿಂದ ಹೊಗೆ ಹೋಯಿತು, ಕಣ್ಣುರಿ ಹೋಯಿತು. ಅದನ್ನು ನಾನು ಎಂದೂ ಹಳಿಯಲಾರೆ. ಆದರೆ ಹೊಗೆ ಕಣ್ಣಿಗೆ ಕಾಣದಾದಮೇಲೆ ಕೊಳವೆಯನ್ನೂ ನಾವು ಮರೆತೆವು. ಮುಂಚೆ ಮಾಡಿನಲ್ಲಿ ಜೋತುಬಿದ್ದ ಇಲ್ಲಣವನ್ನು ಹಬ್ಬಕ್ಕೆ ಮುಂಚೆ ತೆಗೆಯುತ್ತಿದ್ದರು. ಕೊಳವೆಯೊಳಗಿನದನ್ನು ಯಾರು ತೆಗೆದರು? ನಮ್ಮ ಮನೆಯದನ್ನು ಹನ್ನೊಂದು ವರ್ಷ ಯಾರೂ ಮುಟ್ಟಿರಲಿಲ್ಲ.

ನೀರು ಯಾಕೆ ಹೊಯ್ಯಬಾರದು? ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಆಗುತ್ತದೆ. ಕಿರಿದಾದ ಕೊಳವೆಯಿಂದ ಆ ಬಿಸಿ ಆವಿ ಒಲೆಯ ಮುಂದಿದ್ದವರ ಮುಖಕ್ಕೇ ನುಗ್ಗಬಹುದು, ಕಾದ ಕೊಳವೆ ಸೀಳಲೂಬಹುದು. ಕಲ್ನಾರಿನ ಕೊಳವೆಯಂತೂ ಬಿಸಿಗೇ ಸಿಡಿಯುತ್ತದೆ. ಅಮ್ಮ ಮಾಡಿದ್ದೇ ಸರಿ: ಜನರನ್ನು ಹೊರಗೆ ಕಳಿಸಬೇಕು, ಕೆಳಗಿನ ಗಾಳಿ ಕಟ್ಟಬೇಕು. ಜೊತೆಗೆ 112ಕ್ಕೆ ಫೋನು ಮಾಡಬೇಕು. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒಲೆಯ ಹತ್ತಿರ ಹೋಗಲು ಆಗದಷ್ಟಿದ್ದರೆ ಅದನ್ನೂ ಬಿಟ್ಟು ಹೊರಗೆ ಬನ್ನಿ. ಆರಿತು ಎಂದು ಮಲಗಬೇಡಿ, ಪಕಾಸಿಯೊಳಗೆ ಕೆಂಡ ಗಂಟೆಗಟ್ಟಲೆ ಇರುತ್ತದೆ. ಕೊಳವೆಯನ್ನು ಪೂರ್ತಿ ನೋಡಿಸುವ ತನಕ ಮತ್ತೆ ಒಲೆ ಹಚ್ಚಬೇಡಿ.

ಇನ್ನೊಂದು ಅಪಾಯಕ್ಕೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಮಸಿಯಿಂದಲೋ ಹಕ್ಕಿ ಗೂಡಿನಿಂದಲೋ ಕೊಳವೆ ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಬಚ್ಚಲಿನಲ್ಲೇ ಉಳಿಯುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಬಾಗಿಲು ಹಾಕಿಕೊಂಡು ಮೀಯುವಾಗ ತಲೆನೋವು, ವಾಕರಿಕೆ ಬಂದರೆ ಪಿತ್ತ ಅನ್ನಬೇಡಿ, ತಕ್ಷಣ ಹೊರಗೆ ಬನ್ನಿ.

ಈಗ ನಮ್ಮ ಮನೆಯಲ್ಲಿ ಹೊಸ ಕಬ್ಬಿಣದ ಕೊಳವೆ ಹಾಕಿಸಿದ್ದೇವೆ. ಸುತ್ತ ಒಂದೂವರೆ ಅಡಿ ಮರ ಇಲ್ಲ, ಅಲ್ಲಿ ಮಾಡಿಗೆ ತಗಡು ಹೊದಿಸಿದ್ದೇವೆ. ವರ್ಷಗಟ್ಟಲೆ ಬಿಸಿ ತಿಂದ ಮರ ಹೊಸ ಮರಕ್ಕಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಅಟ್ಟದ ಸಿಪ್ಪೆ ಕೊಟ್ಟಿಗೆಗೆ ಹೋಯಿತು. ವರ್ಷಕ್ಕೆರಡು ಸಲ, ಒಲೆ ಪೂರ್ತಿ ತಣ್ಣಗಿರುವಾಗ, ಹಗ್ಗಕ್ಕೆ ಕಲ್ಲು, ಗೋಣಿ ಉಂಡೆ ಕಟ್ಟಿ ಕೊಳವೆಯೊಳಗೆ ಎಳೆಯುತ್ತೇವೆ. ಕಲ್ನಾರಿನ ಕೊಳವೆ ಇದ್ದವರು ಹಾಗೆ ಉಜ್ಜಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಕೊಳವೆಯನ್ನೇ ಬದಲಿಸಿ. ಮಕ್ಕಳೇ, ನೀವು ಮಾಡು ಹತ್ತಬೇಡಿ. ಮನೆಗೆ ಹೋಗಿ ಕೊಳವೆ ತೆಗೆದು ಎಷ್ಟು ವರ್ಷವಾಯಿತು ಎಂದು ಕೇಳಿ, ಸಾಕು.

ಈ ಮೇ ತಿಂಗಳಲ್ಲಿ ನಮ್ಮ ಕೊಳವೆಯಿಂದ ಅರ್ಧ ಬಕೆಟ್ ಮಸಿ ಬಂತು. ಅಮ್ಮ ಅದರ ಫೋಟೋ ತೆಗೆದು ನನಗೆ ವಾಟ್ಸಾಪ್‌ನಲ್ಲಿ ಕಳಿಸಿದರು. ಅವರು ಈಗ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಊಟದ ಹೊತ್ತಿಗೆ ಅವರನ್ನೇ ಕೇಳಿ.