ಹೊಸ ನರ್ಸಿನ ಮೊದಲ ವರ್ಷ

ನರ್ಸಿಂಗ್ ಓದು ಸುಲಭವಾದದ್ದಲ್ಲ. ಜಿ.ಎನ್.ಎಂ. ಎಂದರೆ ಮೂರು ವರ್ಷ, ಬಿ.ಎಸ್‌ಸಿ. ಎಂದರೆ ನಾಲ್ಕು ವರ್ಷ. ವಾರ್ಡಿನ ಕೆಲಸ, ತರಗತಿಯ ಪಾಠ, ರಾತ್ರಿ ಕುಳಿತು ರೆಕಾರ್ಡು ಬರೆಯುವುದು. ಇವುಗಳ ಮೇಲೆ ಹಾಸ್ಟೆಲಿನ ಕಟ್ಟುಪಾಡು. ಮೌಖಿಕ ಪರೀಕ್ಷೆಯಲ್ಲಿ ‘ಗೊತ್ತಿಲ್ಲ’ ಎಂದರೆ ಅಂಕ ಹೋದಂತೆಯೇ. ಹೀಗೆ ವರ್ಷಗಟ್ಟಲೆ ಅಂಜಿ ಅಂಜಿ ಓದಿದವರಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುವುದುಂಟು: ತಿಳಿಯದುದನ್ನು ತೋರಗೊಡದೆ ಇರುವುದು. ಪರೀಕ್ಷೆಯಲ್ಲಿ ಇದರಿಂದ ನಷ್ಟ ಅವಳೊಬ್ಬಳಿಗೇ. ವಾರ್ಡಿನಲ್ಲಿ ನಷ್ಟ ರೋಗಿಯದು. ಆದ್ದರಿಂದ ಕೆಲಸಕ್ಕೆ ಸೇರಿದ ಹೊಸ ನರ್ಸು ಮೊದಲು ಕಲಿಯಬೇಕಾದದ್ದು ಸಂಕೋಚವಿಲ್ಲದೆ ಕೇಳುವುದನ್ನು.

ನಮ್ಮ ಸೀಮೆಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಗೌರಿಬಿದನೂರಿನಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಹಳ್ಳಿಯಿಂದ ಬಂದ ಮುದುಕಿ ತನ್ನ ನೋವನ್ನು ತೆಲುಗಿನಲ್ಲಿಯೇ ಹೇಳಿಕೊಂಡಾಳು. ಮೈಸೂರಿನ ಕಡೆಯಿಂದಲೋ ಮಂಗಳೂರಿನ ಕಡೆಯಿಂದಲೋ ಬಂದ ಹುಡುಗಿಗೆ ಅದು ಹೊಸದು. ‘ಕಡುಪು ನೊಪ್ಪಿ’ ಎಂದರೆ ಹೊಟ್ಟೆನೋವು ಎಂಬುದನ್ನು ಅವಳು ಒಂದೇ ದಿನದಲ್ಲಿ ಕಲಿಯುತ್ತಾಳೆ, ಏಕೆಂದರೆ ಅದು ಅರ್ಥವಾಗಲಿಲ್ಲವೆಂದು ಅವಳಿಗೇ ಗೊತ್ತು. ತೊಡಕಾಗುವುದು ಅರ್ಥವಾದಂತೆ ಕಾಣುವ ಮಾತು. ‘ಆಯಾಸಂ’ ಎಂದು ರೋಗಿ ಹೇಳಿದರೆ ಕನ್ನಡದ ಕಿವಿಗೆ ಅದು ದಣಿವು. ತೆಲುಗಿನವರಿಗೆ ಅದು ಏದುಸಿರು. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸುವ ಹಬೆಯ ಮುಂದೆ ಕುಳಿತು ನೂಲು ತೆಗೆಯುವವರಿಗೆ ಉಬ್ಬಸ ಬರುವುದುಂಟು. ಅಂಥವರೊಬ್ಬರು ‘ಆಯಾಸಂ’ ಎಂದಾಗ ದಣಿವೆಂದು ಬರೆದುಕೊಂಡು ಮುಂದೆ ಹೋದರೆ ಏನಾದೀತು? “ಉಸಿರು ಕಟ್ಟುತ್ತದೆಯೇ ಅಮ್ಮಾ, ಇಲ್ಲ ಸುಸ್ತೇ?” ಎಂಬ ಒಂದೇ ಪ್ರಶ್ನೆ ಸಾಕು.

ಕೇಳುವುದಕ್ಕೂ ಕಾಯುವುದಕ್ಕೂ ಹೊತ್ತು ಬೇಕು. ಈ ಹೊತ್ತನ್ನು ಕೊಡಬೇಕಾದವರು ನಾವು, ರೋಗಿಯ ಮನೆಯವರು. ಹಿಪ್ಪುನೇರಳೆ ತೋಟದಲ್ಲಿ ಹಾವು ಕಚ್ಚಿದವನನ್ನು ರಾತ್ರಿ ಕರೆತಂದಿದ್ದಾರೆ ಎನ್ನಿ. ನರ್ಸು ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ 20 ನಿಮಿಷ ಇಡುತ್ತಾಳೆ. “ಏನಮ್ಮಾ, ಸುಮ್ಮನೆ ನಳಿಕೆ ನೋಡುತ್ತ ನಿಂತಿದ್ದೀಯ!” ಎಂದು ನಂಟರು ರೇಗುತ್ತಾರೆ. ಅವಳು ಸುಮ್ಮನೆ ನಿಂತಿಲ್ಲ. 20 ನಿಮಿಷವಾದ ಮೇಲೂ ರಕ್ತ ಹೆಪ್ಪುಗಟ್ಟದಿದ್ದರೆ, ಕೊಳಕುಮಂಡಲದಂಥ ಹಾವಿನ ವಿಷ ಏರಿದೆಯೆಂದು ವೈದ್ಯರಿಗೆ ತಿಳಿಯುತ್ತದೆ. ಬೈಗುಳಕ್ಕೆ ಹೆದರಿ ಅವಳು ಹತ್ತನೆಯ ನಿಮಿಷಕ್ಕೇ ನಳಿಕೆಯನ್ನು ಓರೆಮಾಡಿದರೆ ಪರೀಕ್ಷೆಯೇ ಕೆಟ್ಟಿತು.

ಓದಿದ್ದಕ್ಕೂ ಕೆಲಸಕ್ಕೂ ನಡುವಿನ ಈ ಕಂದರದಲ್ಲಿ ಬೀಳುವವರು ನಮ್ಮ ಹುಡುಗಿಯರಷ್ಟೇ ಅಲ್ಲ. ಅಮೆರಿಕದ ಮಾರ್ಲೀನ್ ಕ್ರೇಮರ್ ಎಂಬ ನರ್ಸಿಂಗ್ ಅಧ್ಯಾಪಕಿ 1974ರಲ್ಲಿ ಇದನ್ನೇ ಕುರಿತು ಒಂದು ಪುಸ್ತಕ ಬರೆದರು. ಶಾಲೆಯಲ್ಲಿ ಹೀಗಿರಬೇಕೆಂದು ಕಲಿತ ಕೆಲಸ ವಾರ್ಡಿನಲ್ಲಿ ಬೇರೊಂದಾಗಿ ಕಂಡಾಗ ಹೊಸಬರಿಗೆ ಆಗುವ ಆಘಾತ ಅದರ ವಿಷಯ. ಈ ಆಘಾತದಿಂದ ಕೆಲಸವನ್ನೇ ಬಿಡುವವರೂ ಉಂಟು.

ಹಿರಿಯ ನರ್ಸುಗಳಲ್ಲಿ ಒಂದು ವಿನಂತಿ. ಹೊಸಬಳು ಔಷಧಿಯ ಪ್ರಮಾಣವನ್ನು ಎರಡನೆಯ ಸಲ ಕೇಳಿದರೆ “ಇಷ್ಟೂ ಓದಿಲ್ಲವೇ?” ಎನ್ನಬೇಡಿ. ಆ ಮಾತು ಕೇಳಿದವಳು ಮೂರನೆಯ ಸಲ ಕೇಳುವುದಿಲ್ಲ, ಊಹಿಸುತ್ತಾಳೆ. ಯಾವ ರೋಗಿ, ಯಾವ ಔಷಧ, ಎಷ್ಟು, ಯಾವ ಮಾರ್ಗದಲ್ಲಿ, ಯಾವ ಹೊತ್ತಿಗೆ ಎಂಬ ಐದರಲ್ಲಿ ಒಂದನ್ನೂ ಊಹೆಗೆ ಬಿಡುವಂತಿಲ್ಲ.

ಮನೆಯವರಲ್ಲಿಯೂ ಒಂದು ಮಾತು. ರಾತ್ರಿಯ ಪಾಳಿ ಮುಗಿಸಿ ಬಂದ ಮಗಳನ್ನೋ ಸೊಸೆಯನ್ನೋ ಹಗಲು ಮಲಗಲು ಬಿಡಿ. ‘ಹಗಲೆಲ್ಲ ನಿದ್ದೆ’ ಎಂದು ಆಡಿಕೊಳ್ಳಬೇಡಿ. ಆ ರಾತ್ರಿ ಅವಳ ಎಚ್ಚರವನ್ನು ನಂಬಿ ಮಲಗುವವರು ಇಡೀ ವಾರ್ಡಿನಷ್ಟು ಜನ.